ಬೆಲ್ಲದ ಬೆಟ್ಟ

ಬೆಲ್ಲದ ಬೆಟ್ಟದ ನೆತ್ತಿಗೆ ನಾನು ಹುಯ್ದ ಒಂದು ಚೊಂಬು ನೀರು ಒಳಗೆ ಇಳಿಯಲೇ ಇಲ್ಲ. ತುದಿಯ ಗುಳಿಯಲ್ಲಿ ಕ್ಷಣಕಾಲ ಯೋಚಿಸಿ, ಇಳಿಜಾರಿನಲ್ಲಿ ಜಾರಿ, ಮೇಜು ದಾಟಿ, ಪ್ರಿನ್ಸಿಪಾಲ್ ಶಿವಪ್ರಕಾಶರ ಬಿಳಿ ಪ್ಯಾಂಟಿನ ಮೇಲೆ ಇಳಿಯಿತು. ಲ್ಯಾಪ್‌ಟಾಪಿನಲ್ಲಿ ಮಾತ್ರ ಅದೇ ನೀರು, ನನ್ನ ಲೆಕ್ಕದ ಪ್ರಕಾರ, ಬೆಟ್ಟದ ಹೊಟ್ಟೆಯಲ್ಲಿ ಗುಹೆ ಕೊರೆದು ಪೂರ್ವದ ತಪ್ಪಲಿನಲ್ಲಿ ಒರತೆಯಾಗಿ ಚಿಮ್ಮುತ್ತಿತ್ತು.

ನೋಡಲು ಬಂದಿದ್ದವರು ಪಿಯುಸಿ ಮುಗಿಸಿದ ಮಕ್ಕಳು. ಅವರಲ್ಲಿ ಕೆಲವರಾದರೂ ಭೂವಿಜ್ಞಾನಕ್ಕೆ ಸೇರದಿದ್ದರೆ ಪಾಂಡವಪುರದ ನಮ್ಮ ಕಾಲೇಜಿನಲ್ಲಿ ಆ ವಿಭಾಗವನ್ನೇ ಮುಚ್ಚುವುದೆಂದು ತೀರ್ಮಾನವಾಗಿತ್ತು. ವಿಭಾಗ ಎಂದರೆ ನಾನು, ಮತ್ತು ಒಂದು ಬೀರು ತುಂಬ ಕಲ್ಲು. ನನ್ನ ಡಾಕ್ಟರೇಟು ಸುಣ್ಣಕಲ್ಲಿನ ಬೆಟ್ಟಗಳದ್ದು. ನೆಲ ಮಡಚಿಕೊಂಡು ಬೆಟ್ಟವಾಗುವುದು ಹೇಗೆ, ಮಳೆನೀರು ಆ ಕಲ್ಲನ್ನು ಕರಗಿಸಿ ಒಳಗೊಳಗೇ ಹೊಳೆಯಾಗುವುದು ಹೇಗೆ ಎಂದು ಕಂಪ್ಯೂಟರಿನಲ್ಲಿ ಮಾದರಿ ಕಟ್ಟುವ ವಿದ್ಯೆ. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಅಗೆದವರಿಗೆಲ್ಲ ಸಿಕ್ಕಿರುವುದು ಕರಗದ ಬಂಡೆ ಎಂಬ ಸಣ್ಣ ಅಡಚಣೆಯನ್ನು ನಾನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಕರಗುವ ಬೆಟ್ಟಕ್ಕೆ ಬೆಲ್ಲವೇ ಸರಿ ಎಂದು ಹೊಳೆದದ್ದೂ ನನಗೇ. ಆಲೆಮನೆಯ ಕುಳ್ಳಯ್ಯ ಕಪ್ಪು ಪಾಕ, ಬಿಳಿ ಪಾಕ ಪದರಪದರವಾಗಿ ಹುಯ್ದಿದ್ದ. ಬೆಚ್ಚಗಿರುವಾಗಲೇ ಇಬ್ಬರೂ ಎರಡು ಕಡೆಯಿಂದ ಹಲಗೆ ಒತ್ತಿದ್ದೆವು. ಪದರಗಳು ಮಡಚಿ ಮೇಲೆದ್ದು, ಪುಸ್ತಕದ ಚಿತ್ರದಂತೆಯೇ ಬೆಟ್ಟವಾಗಿತ್ತು. ಈಗ ಕುಳ್ಳಯ್ಯನೂ ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದ.

"ಕುಳ್ಳಯ್ಯ, ಇದು ಕರಗ್ತಾನೇ ಇಲ್ವಲ್ಲ?"

"ಅದ್ಯಾಕ್ ಕರಗೀತು ಸಾ? ಸುಣ್ಣದ್ ಬೆಟ್ಟ ಅಂದ್ರಲ್ಲ ನೀವು! ಬೆಲ್ಲ ಗಟ್ಟಿಯಾಗ್ಲಿ ಅಂತ ದಿನಾ ಒಂದ್ ಚೂರು ಸುಣ್ಣ ಬುಡ್ತೀವಿ. ನಿಮ್ಗೋಸ್ಕರ ಎಲ್ಡ್ ಬೊಗಸೆ ಬುಟ್ಟಿವ್ನಿ. ಕಲ್ಲು ಕಲ್ಲಾಗ್ಬುಟ್ಟದೆ, ನೋಡ್ಕಳಿ."

ಕೋಣೆ ತುಂಬ ನಗು. ಪ್ರಿನ್ಸಿಪಾಲರು ಕರವಸ್ತ್ರದಿಂದ ಮೊಣಕಾಲು ಒರೆಸಿಕೊಳ್ಳುತ್ತ, "ಮಹದೇವಸ್ವಾಮಿಯವರೇ, ಸಾಕಲ್ವಾ?" ಎಂದರು. ಹಿಂದಿನ ಸಾಲಿನವರು ಆಗಲೇ ಬ್ಯಾಗು ಹೆಗಲಿಗೇರಿಸಿದ್ದರು.

ಕೆ.ಆರ್. ಪೇಟೆ ಕಡೆಯಿಂದ ಬಂದಿದ್ದ ಚೈತ್ರ ಎಂಬ ಹುಡುಗಿ ಮಾತ್ರ ಎದ್ದಿರಲಿಲ್ಲ. "ಸಾ, ಇದೀಗ ನಮ್ಮೂರ್ ಬೆಟ್ಟದಂಗಾಯ್ತು ಬುಡಿ. ಎಷ್ಟ್ ಮಳೆ ಉಯ್ದ್ರೂ ಜಾರ್ಕೊಂಡ್ ಓಯ್ತದೆ. ಅಂಗಾದ್ರೆ ನಮ್ಮ್ ಬೋರಿಗೆ ನೀರೆಲ್ಲಿಂದ ಬತ್ತದೆ?"

"ಬಿರುಕಿನಿಂದ" ಎಂದೆ. ತೋರಿಸಲು ಬಿರುಕಿರಲಿಲ್ಲ. ಬೀರುವಿನಿಂದ ಸುತ್ತಿಗೆ ತೆಗೆದು ನನ್ನ ಬೆಟ್ಟದ ನೆತ್ತಿಗೆ ಒಂದು ಬಿಟ್ಟೆ. ನನ್ನ ಸಿಟ್ಟೂ ಅದರಲ್ಲಿ ಸ್ವಲ್ಪ ಸೇರಿತ್ತು. ಟಣ್ ಎಂದು ಕೂದಲೆಳೆಯಷ್ಟು ಬಾಯಿಬಿಟ್ಟಿತು. ಇನ್ನೊಂದು ಚೊಂಬು ನೀರು ಹುಯ್ದೆ. ಗುಟುಕರಿಸಿದಂತೆ ಒಳಗೆ ಹೋಯಿತು.

"ಎಲ್ಲಿ ಈಚೆಗ್ ಬತ್ತದೆ ಸಾ?"

ಅಭ್ಯಾಸಬಲದಿಂದ ಲ್ಯಾಪ್‌ಟಾಪ್ ಕಡೆ ತಿರುಗಿದೆ. ಅದು ಇನ್ನೂ ಸುಣ್ಣಕಲ್ಲಿನ ದೇಶದಲ್ಲೇ ಇತ್ತು. "ಗೊತ್ತಿಲ್ಲ ಕಣಮ್ಮ" ಎಂದೆ. ನನ್ನ ಉಪನ್ಯಾಸಕ ವೃತ್ತಿಯಲ್ಲಿ ವಿದ್ಯಾರ್ಥಿಗಳು ಇಷ್ಟು ಗಮನವಿಟ್ಟು ಕೇಳಿದ ಉತ್ತರ ಇನ್ನೊಂದಿಲ್ಲ. ಬ್ಯಾಗುಗಳು ಕೆಳಗಿಳಿದವು. ಎಲ್ಲರೂ ಮೇಜಿನ ಸುತ್ತ ಬಗ್ಗಿದರು.

"ಈ ಕಡಿಂದ್ಲೇ ಬರಾದು. ನನ್ ಬೆಲ್ಲ ನಂಗ್ ಗೊತ್ತಿಲ್ವಾ?" ಎಂದು ಕುಳ್ಳಯ್ಯ ನುಗ್ಗಿ ಬಂದ.

"ಸುಮ್ನಿರಯ್ಯ, ಇಲ್ಲಿ ತೇವ ಕಾಣ್ತಿದೆ" ಎಂದರು ಪ್ರಿನ್ಸಿಪಾಲರು. ಒದ್ದೆ ಪ್ಯಾಂಟಿನಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದರು.

ನೀರು ಎರಡೂ ಕಡೆ ಬರಲಿಲ್ಲ. ನಾನು ಮೊಣಕೈ ಊರಿದ್ದ ಮೂಲೆಯಲ್ಲಿ, ಕಪ್ಪು ಬೆಲ್ಲ ಬಿಳಿ ಬೆಲ್ಲ ಕೂಡುವ ಗೆರೆಯಿಂದ, ಒಂದೊಂದೇ ಹನಿ ಹೊರಟು ನನ್ನ ತೋಳು ನೆನೆಸಿತು. ಹುಡುಗರು ವಿಕೆಟ್ ಬಿದ್ದದ್ದು ನೋಡಿದವರಂತೆ ಕೂಗಿದರು ಎಂದರೆ ತಪ್ಪಾದೀತು. ವಿಕೆಟ್ ಬೀಳಿಸಿದವರಂತೆ ಕೂಗಿದರು.

ಚೈತ್ರ ಸುತ್ತಿಗೆ ಎತ್ತಿ, ಅಂಗೈಯಲ್ಲಿ ತೂಗಿ ನೋಡಿದಳು.

"ಸಾ, ಈ ಸಬ್ಜೆಕ್ಟಲ್ಲಿ ದಿನಾ ಒಡಿಯಾದು ಇರ್ತದಾ?"

ಪ್ರಿನ್ಸಿಪಾಲರ ಮುಖ ನೋಡದೆ ನಾನು ಹೇಳಿದೆ: "ದಿನಾ."