ಕೋಲ್ಮನ್ ಹೇಳಿದ್ದ ‘ಬೇಡ’

ಗಂಡ ಕೋಲ್ಮನ್ ತೀರಿಕೊಂಡು ವರ್ಷ ತುಂಬಿದ ವಾರವೇ ಅಸಂಪ್ಟಾಳ ಅಡುಗೆಮನೆಗೆ ಮೈದುನನ ಮಗ ಡೆಕ್ಲನ್ ಬಂದು ಕೂತ. ಕೋಟಿನ ಎದೆಯ ಮೇಲೆ ‘ಹೌದು’ ಎಂದು ಬರೆದ ದೊಡ್ಡ ಬಿಲ್ಲೆ, ಕಂಕುಳಲ್ಲಿ ಕರಪತ್ರಗಳ ಕಟ್ಟು. ಟೀ ಕುಡೀತೀಯೇನೋ ಎಂದು ಅವಳು ಕೇಳಿದಳು. ಬೇಡ ದೊಡ್ಡಮ್ಮ, ಈಗ ತಾನೇ ಕುಡಿದು ಬಂದೆ ಎಂದ. ಒಂದು ಗುಟುಕು ಕುಡಿಯೋ ಎಂದಳು. ಅಯ್ಯೋ, ನಿಮಗ್ಯಾಕೆ ತೊಂದರೆ ಎಂದ. ಮೂರನೇ ಸಲ ಕೇಳಿದಾಗ, ಅಷ್ಟು ಹೇಳ್ತೀರಲ್ಲ, ಅರ್ಧ ಕಪ್ಪು ಕೊಡಿ ಎಂದ. ಅವಳು ದೊಡ್ಡ ಕಪ್ಪಿನ ತುಂಬ ಬಗ್ಗಿಸಿ ಕೊಟ್ಟಳು. ಮೇಯೋ ಸೀಮೆಯ ಈ ಕಡಲತೀರದಲ್ಲಿ ಮೊದಲ ಸಲಕ್ಕೇ ಹೂಂ ಅಂದವನು ಹೊಟ್ಟೆಬಾಕ. ಮೊದಲ ಬೇಡಕ್ಕೇ ಸುಮ್ಮನಾದವಳು ಜುಗ್ಗಿ. ಹುಟ್ಟಿದ ಮಗುವಿಗೂ ಗೊತ್ತಿರುವ ಸಂಗತಿ ಇದು.

ಟೀ ಅರ್ಧ ಇಳಿದ ಮೇಲೆ ಡೆಕ್ಲನ್ ಮಾತಿಗೆ ಬಂದ. ಯುರೋಪು ಒಕ್ಕೂಟದ ಲಿಸ್ಬನ್ ಒಪ್ಪಂದಕ್ಕೆ ಶುಕ್ರವಾರ ಮತ್ತೆ ಜನಮತಗಣನೆ, ಮತಗಟ್ಟೆಯಿರುವ ಶಾಲೆಗೆ ತಾನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದ. ಹೋದ ವರ್ಷದ ಜೂನಿನಲ್ಲಿ ಇದೇ ಒಪ್ಪಂದಕ್ಕೆ ದೇಶ ಬೇಡ ಎಂದಿತ್ತು. ಸುತ್ತಿ ಬಳಸಿ ಅಲ್ಲ, ನೇರವಾಗಿ, ಚೀಟಿಯ ಮೇಲೆ ಗುರುತು ಹಾಕಿ ಹೇಳಿತ್ತು. ರಾಜಧಾನಿ ಡಬ್ಲಿನ್ನಿನ ದೊಡ್ಡ ಮನುಷ್ಯರು ಒಕ್ಕೂಟದ ಕಚೇರಿಯಿರುವ ಬ್ರಸೆಲ್ಸಿಗೆ ಹೋಗಿ ತಲೆ ಕೆರೆದುಕೊಂಡು ನಿಂತರು. ಆಮೇಲೆ ಒಂದಷ್ಟು ಭರವಸೆಗಳನ್ನು ಬರೆಸಿಕೊಂಡು ಬಂದು, ಒಪ್ಪಂದದ ಒಂದಕ್ಷರವನ್ನೂ ತಿದ್ದದೆ, ಈಗ ಹೇಳಿ ಅನ್ನುತ್ತಿದ್ದಾರೆ. ನಾಚಿಕೆ ಅನ್ನುವುದು ಇದ್ದಿದ್ದರೆ ಮುಖ ತೋರಿಸುತ್ತಿರಲಿಲ್ಲ.

ಆದರೆ ಡೆಕ್ಲನ್ ಕೆಟ್ಟವನಲ್ಲ. ಅವನು ದುಡಿಯುತ್ತಿದ್ದ ಕಾರ್ಖಾನೆಯಲ್ಲಿ ಅರ್ಧ ಜನರನ್ನು ಮನೆಗೆ ಕಳಿಸಿದ್ದರು. ಈ ಸಲವೂ ಬೇಡ ಅಂದರೆ ಯುರೋಪು ನಮ್ಮ ಕೈ ಬಿಡುತ್ತದೆ, ಉಳಿದ ಕೆಲಸವೂ ಹೋಗುತ್ತದೆ ಎಂದು ನಿಜವಾಗಿ ಹೆದರಿದ್ದ. ಅದನ್ನೆಲ್ಲ ಹೇಳಿಕೊಂಡ. ಅಸಂಪ್ಟಾ ತಾಳ್ಮೆಯಿಂದಲೇ ಕೇಳಿದಳು, ಅವನ ಹೆಂಡತಿಯ ಬಾಣಂತನದ ಬಗ್ಗೆ ವಿಚಾರಿಸಿದಳು. ಅವನು ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

“ಹೋದ ಸಲ ಜನಕ್ಕೆ ಸರಿಯಾಗಿ ಅರ್ಥ ಆಗಿರಲಿಲ್ಲ, ದೊಡ್ಡಮ್ಮ,” ಎಂದುಬಿಟ್ಟ.

ಅವಳು ಕಪ್ಪು ಕೆಳಗಿಟ್ಟಳು. “ನಿಮ್ಮ ದೊಡ್ಡಪ್ಪಂಗೆ ಅರ್ಥ ಆಗಿರಲಿಲ್ಲ ಅನ್ನು. ಬಾಯಿ ಬಿಟ್ಟು ಹೇಳು.”

ಕೋಲ್ಮನ್ ಆಗ ಆಸ್ಪತ್ರೆಯಲ್ಲಿದ್ದ. ಶ್ವಾಸಕೋಶ ಎರಡೂ ಕೈಕೊಟ್ಟಿದ್ದವು. ಮತದಾನದ ದಿನ ಕರೆದುಕೊಂಡು ಹೋಗಿ ಎಂದು ಹಟ ಹಿಡಿದಾಗ ಕಾರು ತಂದವನು ಇದೇ ಡೆಕ್ಲನ್, ಕುರ್ಚಿಯ ಸಮೇತ ಎತ್ತಿ ಶಾಲೆಯೊಳಗೆ ಇಳಿಸಿದವನೂ ಅವನೇ. ದಾರದಲ್ಲಿ ಕಟ್ಟಿದ್ದ ಪೆನ್ಸಿಲು ಕೋಲ್ಮನ್ನನ ಕೈಯಲ್ಲಿ ನಿಲ್ಲದೆ ಜಾರುತ್ತಿತ್ತು, ಹಿಂದೆ ಸಾಲು ಬೆಳೆದಿತ್ತು, ಒಬ್ಬರೂ ಗೊಣಗಲಿಲ್ಲ. ವಾಪಸು ಆಸ್ಪತ್ರೆಗೆ ಹೋಗುವಾಗ ಕಾರಿನಲ್ಲಿ ಕೋಲ್ಮನ್ ಏದುಸಿರು ಬಿಡುತ್ತ ಹೇಳಿದ್ದ: ಸರ್ಕಾರ ಕಳಿಸಿದ ಪುಸ್ತಕ ಪೂರ್ತಿ ಓದಿದೆ, ತಿಳಿಯಲಿಲ್ಲ, ತಿಳಿಯದ ಕಾಗದಕ್ಕೆ ರುಜು ಹಾಕಿಯೇ ದೋಣಿ ಕಳೆದುಕೊಂಡವನು ನಾನು, ಇನ್ನೊಂದು ಸಲ ಹಾಕಲ್ಲ. ಆಮೇಲೆ ಅವನು ಮನೆಗೆ ಬಂದಿದ್ದು ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆಗೂ ಡೆಕ್ಲನ್ ಹೆಗಲು ಕೊಟ್ಟಿದ್ದ.

“ಮತ್ತೆ ಕೇಳೋದ್ರಲ್ಲಿ ತಪ್ಪೇನಿದೆ ದೊಡ್ಡಮ್ಮ? ಜನರನ್ನೇ ತಾನೇ ಕೇಳ್ತಿರೋದು? ಇದೂ ಪ್ರಜಾಪ್ರಭುತ್ವಾನೇ. ನಿಮಗೆ ಬೇಡ ಅನ್ನಿಸಿದ್ರೆ ಮತ್ತೆ ಬೇಡ ಅನ್ನಿ.”

“ನಾನು ಅಂತೀನಿ ಬಿಡು, ನಂಗೆ ಬಾಯಿದೆ. ಅವರು ಎಲ್ಲಿಂದ ಬಂದು ಅನ್ನಬೇಕು? ಉಸಿರು ಕಟ್ಟಿಕೊಂಡು ಹೋಗಿ ಹೇಳಿ ಬಂದ್ರಲ್ಲೋ, ಅದನ್ನ ಅಳಿಸಿ ಹಾಕೋಕೆ ಇವರ್ಯಾರು?” ಅವಳು ಬಿಡಲಿಲ್ಲ. “ಒಂದು ಮಾತು ಹೇಳು. ಶುಕ್ರವಾರ ಎಲ್ಲರೂ ಹೌದು ಅಂದ್ರೆ, ಸರಿಯಾಗಿ ಅರ್ಥ ಮಾಡ್ಕೊಂಡು ಅಂದ್ರೋ ಇಲ್ವೋ ಅಂತ ಬರೋ ವರ್ಷ ಇನ್ನೊಂದ್ಸಲ ಕೇಳ್ತೀರಾ?”

ಡೆಕ್ಲನ್ ಕರಪತ್ರದ ಕಟ್ಟನ್ನು ಸರಿಪಡಿಸುತ್ತ ಕೂತ. ಕೇಳುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಅಸಂಪ್ಟಾ ಎದ್ದು ಕಣ್ಣೊರೆಸಿಕೊಂಡು ಕಪಾಟಿನಿಂದ ಡಬ್ಬಿ ತಂದಳು. ಒಣದ್ರಾಕ್ಷಿಯ ಕೇಕು, ಕೋಲ್ಮನ್ನನ ವರ್ಷದ ಪೂಜೆಗೆಂದು ಮಾಡಿದ್ದು. ಚಿಕ್ಕಂದಿನಿಂದ ಡೆಕ್ಲನ್‌ಗೆ ಆ ಕೇಕೆಂದರೆ ಪ್ರಾಣ. ಮುಚ್ಚಳ ತೆಗೆದಾಗ ಪರಿಮಳ ಅಡುಗೆಮನೆ ತುಂಬಿತು. ಮಧ್ಯಾಹ್ನದಿಂದ ಮನೆ ಮನೆ ಅಲೆದು ಅವನ ಹೊಟ್ಟೆ ತಾಳ ಹಾಕುತ್ತಿತ್ತು. ಅವಳು ದಪ್ಪನೆಯ ಒಂದು ತುಂಡು ಕೊಯ್ದು ತಟ್ಟೆಗಿಟ್ಟು, ಒಂದು ಚೂರು ತಿಂತೀಯಾ ಎಂದಳು.

“ಬೇಡ ದೊಡ್ಡಮ್ಮ, ಹೊಟ್ಟೆ ತುಂಬಿದೆ,” ಎಂದ, ಎಲ್ಲರೂ ಅನ್ನುವ ಹಾಗೆ. ಅಂದು, ತಟ್ಟೆಗೆ ಜಾಗ ಮಾಡಲು ಕರಪತ್ರಗಳನ್ನು ಪಕ್ಕಕ್ಕೆ ಸರಿಸಿದ.

ಅವಳು ತುಂಡನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

“ಸರಿಯಪ್ಪ. ನಂಗೆ ಮೊದಲನೇ ಸಲಕ್ಕೇ ಕೇಳಿಸುತ್ತೆ.”