‘ಬರ್ತೀನಿ’ ಅಂದ ತಪ್ಪಿಗೆ

ನಿವೃತ್ತರಾಗಿ ನಾಲ್ಕು ತಿಂಗಳಾದರೂ ಪುಟ್ಟತಾಯಮ್ಮನವರಿಗೆ ನೀರು ಸರಬರಾಜು ಕಚೇರಿಯ ಅರ್ಥಜಾಲ ದಿನಾ ಫೋನು ಮಾಡುತ್ತಿತ್ತು: “ಬರ್ತೀನಿ ಅಂದಿದ್ರಿ, ಬಂದಿಲ್ಲ.” ಕಚೇರಿಯಲ್ಲಿ ಆಡಿದ ಮಾತನ್ನೆಲ್ಲ ಅರ್ಥಕ್ಕೆ ಗಂಟುಹಾಕಿ ಕಡತಕ್ಕೆ ಸೇರಿಸುವ ಆ ಯಂತ್ರ, ಬೀಳ್ಕೊಡುಗೆಯ ದಿನ ಅವರಂದ ಮಾತನ್ನೂ ಬಿಟ್ಟಿರಲಿಲ್ಲ. ಅವರ ಜಾಗಕ್ಕೆ ಬಂದ ಮುದ್ದುರಾಜನಿಗೆ, ಪುಟ್ಟತಾಯಮ್ಮನವರೇ ಬರುತ್ತಾರಲ್ಲ ಎಂದು, ಅದು ಒಂದು ಕಡತವನ್ನೂ ತೆರೆಯುತ್ತಿರಲಿಲ್ಲ.

ರೋಸಿಹೋಗಿ ಅವರು ಕಚೇರಿಗೇ ಬಂದರು.

“ಹೋಗ್ತೀನಿ ಅಂದ್ಬಿಡಿ ಮೇಡಂ, ಗಂಟು ಬಿಚ್ಕೊಳ್ಳತ್ತೆ” ಎಂದ ಮುದ್ದುರಾಜ.

“ಸಾಯೋರೂ ಹಂಗನ್ನಲ್ವಲ್ಲಯ್ಯಾ!” ಎಂದು ಸಿಡುಕಿದರು. ಕೊನೆಗೆ ಮನೆದೇವರಿಗೆ ತಪ್ಪುಕಾಣಿಕೆ ಹೇಳಿಕೊಂಡು, ಗೋಡೆಯ ಮೇಲಿನ ಯಂತ್ರದತ್ತ ತಿರುಗಿ ಅರಚಿದರು: “ಹೋಗ್ತೀನಿ! ಹೋಗ್ತೀನಿ! ಸಾಕಾ?”

ಕಡತಗಳೆಲ್ಲ ತೆರೆದುಕೊಂಡವು. ಮುದ್ದುರಾಜ ಕೈಮುಗಿದ.

ಪುಟ್ಟತಾಯಮ್ಮ ನಿರಾಳವಾಗಿ ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ತಿರುಗಿ ನಕ್ಕರು.

“ಸರಿ ಕಣಪ್ಪ, ಬರ್ತೀನಿ.”

ಕಡತಗಳು ಪಟಪಟನೆ ಮುಚ್ಚಿಕೊಂಡವು.