ಗಾಡಿಗೆ ಹದಿನೈದು ದಿನದ ಪಾಠ

ಕಾಂದಿವಲಿ ಹೈವೇ ಸಿಗ್ನಲ್ಲಿನಲ್ಲಿ ಹಸಿರು ದೀಪ ಬಿದ್ದಾಗ ಶೇಖರ ಸಾಹೇಬರ ಹೊಸ ಗಾಡಿ ಹಾರಲಿಲ್ಲ, ನಡೆಯಿತು. ಸಾಹೇಬರು ಆಕ್ಸಿಲರೇಟರನ್ನು ನೆಲಕ್ಕೆ ತಾಗುವಂತೆ ಒತ್ತಿದ್ದರು. ಗಾಡಿ ಒಂದು ಕ್ಷಣ ಯೋಚಿಸಿ, ಮೆಲ್ಲಗೆ ಗೇರು ಬದಲಿಸಿ, ಮದುವೆಮನೆಗೆ ಹೊರಟ ಹಿರಿಯರಂತೆ ಸಾಗಿತು. ಅಷ್ಟರಲ್ಲಿ ಎಡಗಡೆಯಿಂದ ಒಂದು ಆಟೋರಿಕ್ಷಾ ನುಗ್ಗಿ ಮುಂದೆ ಹೋಗಿಯೇಬಿಟ್ಟಿತು.

"ಭಾವ, ನಿಮ್ಮ ಗಾಡಿ ಭಾರೀ ಸಂಭಾವಿತ ಉಂಟಲ್ಲ!" ಎಂದ, ಪಕ್ಕದಲ್ಲಿದ್ದ ಸಾಹೇಬರ ಭಾವಮೈದುನ ಪ್ರೀತಮ್. ಹಿಂದೆ ತರಕಾರಿ ಚೀಲ ಹಿಡಿದು ಕುಳಿತಿದ್ದ ಡ್ರೈವರ್ ಭೀಮರಾಯ ನಗು ನುಂಗಿಕೊಂಡ. ಭಾನುವಾರ ಮಾತ್ರ ಸಾಹೇಬರು ತಾವೇ ಓಡಿಸುವುದು. ಉಳಿದ ಆರು ದಿನ ಅವನದೇ ಕೆಲಸ.

ಮರುದಿನವೇ ಗಾಡಿ ಸರ್ವೀಸ್ ಸೆಂಟರಿಗೆ ಹೋಯಿತು. ಅಲ್ಲಿನ ಅಮೋಲ್ ಲ್ಯಾಪ್‌ಟಾಪ್ ಜೋಡಿಸಿ ನೋಡಿ, "ಗಾಡಿ ಏಕದಮ್ ಠೀಕ್ ಹೈ ಸರ್" ಎಂದ. ಈಗಿನ ಆಟೋಮ್ಯಾಟಿಕ್ ಗಾಡಿಗಳು ಕಲಿಯುತ್ತವಂತೆ. ಓಡಿಸುವವನ ಕಾಲು ಹೇಗೆ ಒತ್ತುತ್ತದೆ ಎಂದು ದಿನವೂ ನೋಡಿ ನೋಡಿ, ಯಾವಾಗ ಗೇರು ಬದಲಿಸಬೇಕು, ಎಷ್ಟು ಬೇಗ ಓಗೊಡಬೇಕು ಎಂಬುದನ್ನು ತಾವೇ ಹೊಂದಿಸಿಕೊಳ್ಳುತ್ತವಂತೆ.

"ರೋಜ್ ಕೌನ್ ಚಲಾತಾ ಹೈ?" ದಿನಾ ಓಡಿಸುವವರು ಯಾರೆಂದು ಕೇಳಿದ ಅಮೋಲ್.

ಸಾಹೇಬರು ಬಾಗಿಲ ಬಳಿ ನಿಂತಿದ್ದ ಭೀಮರಾಯನ ಚಪ್ಪಲಿಯ ಕಡೆ ನೋಡಿದರು. ಸಾಕಿದ ನಾಯಿ ವಾಚ್‌ಮನ್ನನ ಕೈಯಿಂದ ಮಾತ್ರ ಬಿಸ್ಕತ್ತು ತಿನ್ನುತ್ತದೆ ಎಂದು ಗೊತ್ತಾದವರ ಮುಖ ಹೇಗಿರುತ್ತದೋ ಹಾಗಿತ್ತು ಅವರ ಮುಖ.

"ಸಬ್ ಡಿಲೀಟ್ ಕರ್ ದೋ" ಎಂದು ಗಾಡಿ ಕಲಿತದ್ದನ್ನೆಲ್ಲ ಅಳಿಸಲು ಅಮೋಲನಿಗೆ ಹೇಳಿ, ಭೀಮರಾಯನ ಕಡೆ ತಿರುಗಿದರು. "ಗಾಡಿ ನನ್ನದು, ಕಾಲು ನಿನ್ನದಾ? ಇನ್ನು ಹದಿನೈದು ದಿನ ನಾನೇ ಓಡಿಸ್ತೇನೆ. ಯಜಮಾನ ಯಾರಂತ ಅದಕ್ಕೂ ಗೊತ್ತಾಗ್ಲಿ."

"ನಾ ಏನ್ ಮಾಡ್ಲಿರಿ ಸಾಹೇಬ್ರ?"

"ಪಕ್ಕದಲ್ಲಿ ಕೂತ್ಕೋ. ಸ್ಟಿಯರಿಂಗ್ ಮುಟ್ಬೇಡ. ಆಮೇಲೆ ಡ್ರೈವರ್ ಬೇಕಾ ಬೇಡವಾ ಅಂತ ನೋಡುವ."

ಭೀಮರಾಯನದು ಹನ್ನೆರಡು ವರ್ಷದ ಕೆಲಸ. ಸಾಹೇಬರ ಹೆಂಡತಿ ರಂಜನಾ ಕುತ್ತಿಗೆ ನೋವಿನವರು. ಅವರು ಹಿಂದಿನ ಸೀಟಿನಲ್ಲಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು, ದಾದರ್ ತನಕ ಒಂದು ಹನಿ ಚೆಲ್ಲದೆ ಕುಡಿಯಲೆಂದೇ ಅವನು ಕಾಲನ್ನು ಅಷ್ಟು ಹದ ಮಾಡಿಕೊಂಡಿದ್ದ. ಅದೇ ಈಗ ಅಪರಾಧವಾಗಿತ್ತು. ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿ ನಾಗವ್ವ, "ಮತ್ತ ಈಗ ಏನ್ ಕೆಲಸರಿ ನಿಮ್ದು?" ಎಂದಳು.

"ಕುಂದ್ರೂದು" ಎಂದ.

ಪಾಠ ಶುರುವಾಯಿತು. ಮುಂದೆ ಹತ್ತಡಿ ಜಾಗ ಕಂಡರೆ ಸಾಕು, ಸಾಹೇಬರು ಒದ್ದಂತೆ ಒತ್ತುವರು. ಹನ್ನೊಂದನೆಯ ಅಡಿಯಲ್ಲಿ ಬಸ್ಸಿನ ಬೆನ್ನು ಕಂಡು ಬ್ರೇಕಿನ ಮೇಲೆ ಎದ್ದು ನಿಲ್ಲುವರು. ಅಂಧೇರಿಯಿಂದ ಬಾಂದ್ರಾ ತನಕ ಇದೇ ಜಪ. ಸಾಲದ್ದಕ್ಕೆ ಗಾಡಿಯ ವೇಗಕ್ಕೆ ಇನ್ನಷ್ಟು ಚುರುಕು ಕೊಡುವ 'ಸ್ಪೋರ್ಟ್' ಎಂಬ ಗುಂಡಿಯನ್ನೂ ಒತ್ತಿಟ್ಟಿದ್ದರು. ಗಂಟೆಗೆ ಒಂಬತ್ತು ಕಿಲೋಮೀಟರ್ ಸಾಗುವ ರಸ್ತೆಯಲ್ಲಿ ಅದು ಯಾವ ಪುರುಷಾರ್ಥಕ್ಕೋ ದೇವರೇ ಬಲ್ಲ. ಪಕ್ಕದ ಸೀಟಿನಲ್ಲಿ ಭೀಮರಾಯನ ಬಲಗಾಲು, ಅಲ್ಲಿಲ್ಲದ ಬ್ರೇಕನ್ನು ಒತ್ತಿ ಒತ್ತಿ ಮ್ಯಾಟು ಸವೆಸಿತು. ಗಾಡಿ ಮಾತ್ರ ವಿಧೇಯ ವಿದ್ಯಾರ್ಥಿ. ಕಲಿಸಿದ್ದನ್ನೆಲ್ಲ ಕಲಿಯಿತು. ಎರಡನೆಯ ವಾರದ ಕೊನೆಗೆ ಹೆಬ್ಬೆರಳು ತಾಗಿದರೂ ಜಿಗಿಯತೊಡಗಿತು. ರಂಜನಾ ಸದ್ದಿಲ್ಲದೆ ಲೋಕಲ್ ಟ್ರೇನಿಗೆ ಪಾಸು ಮಾಡಿಸಿಕೊಂಡರು.

"ಈಗ ನೋಡು, ಇದು ನನ್ನ ಗಾಡಿ!" ಎಂದು ಸಾಹೇಬರು ಸ್ಟಿಯರಿಂಗ್ ತಟ್ಟಿದರು.

ಹದಿನಾರನೆಯ ದಿನ ಮಾಟುಂಗದ ಕನ್ನಡ ಸಂಘದಲ್ಲಿ ಅವರಿಗೆ ಸನ್ಮಾನ. ಶಾಲು ಹೊದೆಸಿಕೊಳ್ಳಲು ಹೋಗುವವರು ತಾವೇ ಪಾರ್ಕಿಂಗ್ ಹುಡುಕುತ್ತ ಅಲೆದರೆ ಮರ್ಯಾದೆ ಏನು ಉಳಿದೀತು? ಕೀ ಮತ್ತೆ ಭೀಮರಾಯನ ಕೈಗೆ ಬಂತು. "ಇವತ್ತು ಸರಿಯಾಗಿ ಓಡಿಸು. ನಿನ್ನ ವಿಷಯ ಆಮೇಲೆ ಮಾತಾಡುವ" ಎಂದು ಸಾಹೇಬರು ಕೆನೆಬಣ್ಣದ ರೇಷ್ಮೆ ಜುಬ್ಬಾದಲ್ಲಿ ಹಿಂದೆ ಕುಳಿತರು. ಭೀಮರಾಯ ಓಡಿಸುತ್ತಾನೆಂಬ ಧೈರ್ಯದಿಂದ ರಂಜನಾ ಫ್ಲಾಸ್ಕ್ ಹಿಡಿದು ಅವರ ಪಕ್ಕದಲ್ಲಿ ಕುಳಿತರು.

ಭೀಮರಾಯ ಎಂದಿನಂತೆ ಹಗುರವಾಗಿ ಕಾಲಿಟ್ಟ. ಗಾಡಿ ಎಗರಿತು. ಬೋರಿವಲಿಯಿಂದ ಬಂದ ಟ್ರಕ್ಕುಗಳ ನಡುವೆ ಎರಡು ಮೂರು ಸಲ ಹದಕ್ಕೆ ತರಲು ನೋಡಿದ. ಅದು ಕೇಳಲಿಲ್ಲ. ಸಾಹೇಬರು ಕಷ್ಟಪಟ್ಟು ಕಲಿಸಿದ್ದನ್ನು ಮರೆಸಲು ತಾನ್ಯಾರು ಎಂದು ಬಿಟ್ಟುಬಿಟ್ಟ. ಹಿಂದಿನ ಸೀಟಿನಲ್ಲಿ ಇಬ್ಬರ ತಲೆಗಳೂ ಕಾಂದಿವಲಿಯಿಂದ ಹೌದು ಹೌದು ಎನ್ನುತ್ತಲೇ ಬಂದವು. ಮಾಹಿಮ್ ಸಿಗ್ನಲ್ಲಿನಲ್ಲಿ ಗಾಡಿ ಹಾರಿ, ಟ್ಯಾಕ್ಸಿಯೊಂದಕ್ಕೆ ಗೇಣು ದೂರದಲ್ಲಿ ನಿಂತಾಗ, ರಂಜನಾರ ಕೈಯ ಲೋಟದ ಚಹಾ ಅಷ್ಟೂ ರೇಷ್ಮೆ ಜುಬ್ಬಾದ ಮೇಲೆ ಬಿತ್ತು.

"ನಿಲ್ಸು ಗಾಡಿ!" ಸಾಹೇಬರು ಕಿರುಚಿದರು. "ನಾಳೆಯಿಂದ ಬರ್ಬೇಡ ನೀನು! ಇದೆಂಥ ಓಡಿಸೋದು ಮಾರಾಯ? ಕರುಳು ಬಾಯಿಗೆ ಬಂತು! ಯಾವ ಕತ್ತೆಯೋ ನಿನಗೆ ಕಲಿಸಿದ್ದು?"

ಭೀಮರಾಯ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದ. ಕೆಲಸ ಹೋಯಿತಲ್ಲ, ಇನ್ನು ಹೆದರುವುದಕ್ಕೆ ಏನೂ ಉಳಿದಿರಲಿಲ್ಲ. ಕೀಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಚಾಚಿದ.

"ನನಗಲ್ರೀ ಸಾಹೇಬ್ರ, ಗಾಡಿಗೆ ಕಲಿಸ್ಯಾರ. ಹದಿನೈದು ದಿನ ಬಾಜೂಕ ಕುಂತು ನಾನ ನೋಡೀನಿ."